ಏನ್ ಹೊತ್ತಿದ್ದೆ ಮಗ?

ಪಿರಿಯಾಪಟ್ಟಣದ ಕಡೆಯ ನಮ್ಮೂರಲ್ಲಿ, ಹಳೇ ಸಂತೆದಾರಿಯ ಮಗ್ಗುಲಿಗೆ, ಹೊರೆ ಇಳಿಸುವ ಕಲ್ಲೊಂದಿತ್ತು. ನೆಟ್ಟ ಎರಡು ಚಪ್ಪಡಿ, ಅವುಗಳ ಮೇಲೊಂದು ಅಡ್ಡಗಲ್ಲು. ಎತ್ತರ ಸರಿಯಾಗಿ ಆಳಿನ ಕತ್ತಿನಷ್ಟು. ತಲೆಹೊರೆ ಹೊತ್ತು ಬಂದವರು ಬಗ್ಗದೆ, ಇನ್ನೊಬ್ಬರ ಕೈ ಕೇಳದೆ, ಹೊರೆಯನ್ನು ಅದರ ಮೇಲೆ ಜಾರಿಸಿ, ಸಿಂಬಿ ಕೈಗೆ ತಗೊಂಡು, ಕತ್ತನ್ನು ಆ ಕಡೆ ಈ ಕಡೆ ಆಡಿಸಿ ಸುಧಾರಿಸಿಕೊಳ್ಳುತ್ತಿದ್ದರು. ನಾನು ಈಗ ಹುಣಸೂರಿನಲ್ಲಿ ಫಿಸಿಯೋಥೆರಪಿ ಮಾಡುವವಳು. ಹೆಚ್ಚುಕಡಿಮೆ ದಿನವೂ ಒಂದಿಲ್ಲೊಂದು ಕತ್ತು ಮುಟ್ಟಿ ನೋಡುತ್ತೇನೆ. ನಮ್ಮ ನಾಲ್ಕು ತಾಲ್ಲೂಕಿನ ಕತ್ತುನೋವಿನ ಚರಿತ್ರೆಯನ್ನು ಆ ಕಲ್ಲಿನಿಂದಲೇ ಶುರುಮಾಡಬೇಕು.

ಯಾಕೆಂದರೆ ಇಲ್ಲಿ ಕತ್ತು ಅಂದರೆ ಹೊರೆ. ಕೆ.ಆರ್. ನಗರದ ಗದ್ದೆಬಯಲಲ್ಲಿ ಕುಯ್ದ ಭತ್ತ ಕಣಕ್ಕೆ ಬರುತ್ತಿದ್ದುದು ತಲೆಯ ಮೇಲೆ. ಅಲ್ಲಿನ ರೈಸ್‌ಮಿಲ್ಲಿನ ಹಮಾಲಿಗಳು ಕ್ವಿಂಟಾಲ್ ಚೀಲವನ್ನು ಬೆನ್ನಿಗೂ ಹಿಂಗತ್ತಿಗೂ ಒಟ್ಟಿಗೇ ಆನಿಸಿಕೊಂಡು ಹಲಗೆ ಹತ್ತುತ್ತಿದ್ದರು. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಸೌದೆಹೊರೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿಗೆ ಮಂಕರಿಯಲ್ಲಿ ಮಣ್ಣು ಹೊತ್ತ ಹೆಂಗಸರು ನಮ್ಮ ನೆಂಟರಲ್ಲೇ ಇದ್ದರು. ಹುಣಸೂರು, ಪಿರಿಯಾಪಟ್ಟಣದ ಕೆಂಪು ಮಣ್ಣಿಗೆ ಹೊಗೆಸೊಪ್ಪು ಬಂದಿತು. 1976ರಲ್ಲಿ ತಂಬಾಕು ಮಂಡಳಿ ಹುಟ್ಟಿತು. ಊರೂರಲ್ಲೂ ಎಲೆ ಹದಮಾಡುವ ಬ್ಯಾರನ್ ಎದ್ದವು. ಹೆಂಗಸರು ಬೆಳಗಿನಿಂದ ಸಂಜೆವರೆಗೆ ತಲೆ ಬಗ್ಗಿಸಿ ಎಲೆಯನ್ನು ಕಡ್ಡಿಗೆ ಕಟ್ಟಬೇಕು. ಗಂಡಸರು ಬ್ಯಾರನ್ನಿನ ಒಳಗೆ ಅಟ್ಟಣೆಗಳ ಮೇಲೆ ಕಾಲು ಅಗಲಿಸಿ ನಿಂತು, ಕೆಳಗಿಂದ ಬಂದ ಕಡ್ಡಿಯನ್ನು ತಲೆ ಹಿಂದಕ್ಕೆ ವಾಲಿಸಿ ಮೇಲಕ್ಕೆ ದಾಟಿಸಬೇಕು. ಒಬ್ಬರ ಕತ್ತು ಮುಂದಕ್ಕೆ ಸೋತರೆ, ಇನ್ನೊಬ್ಬರದು ಹಿಂದಕ್ಕೆ.

ನೋವಿಗೆ ಮದ್ದೂ ಊರಲ್ಲೇ ಇತ್ತು. ಬೆಳಿಗ್ಗೆ ಎದ್ದಾಗ ಕತ್ತು ಹಿಡಿದುಕೊಂಡಿದ್ದರೆ ದಿಂಬನ್ನು ಬಿಸಿಲಿಗೆ ಹಾಕುತ್ತಿದ್ದರು. ಸೊಂಟ ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದವರನ್ನು ಕರೆಸಿ ಕಾಲಿಂದ ಮುಟ್ಟಿಸುತ್ತಿದ್ದರು. ಗರಡಿಮನೆಯ ಉಸ್ತಾದರು ಪೈಲ್ವಾನರ ಕೀಲು ಕೂರಿಸುತ್ತಿದ್ದರು. ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದಾದ ಮೇಲೆ ಗಲ್ಲ ಹಿಡಿದು ತಲೆಯನ್ನು ಲಟಕ್ಕನೆ ತಿರುಗಿಸಿ ನೆಟಿಗೆ ತೆಗೆಯುವುದು ಒಂದು ಉಪಚಾರವೇ ಆಗಿತ್ತು.

ನಮ್ಮಜ್ಜಿ ಉಳುಕು ತೆಗೆಯುತ್ತಿದ್ದಳು. ಬಂದವರನ್ನು ಜಗುಲಿಯ ಮೇಲೆ ಕೂರಿಸಿ ಅವಳು ಮೊದಲು ಕೇಳುತ್ತಿದ್ದುದು ಒಂದೇ ಮಾತು: “ಏನ್ ಹೊತ್ತಿದ್ದೆ ಮಗ?” ಆಮೇಲೆ ಹಿಂದೆ ನಿಂತು, ಬೆಚ್ಚಗಿನ ಹರಳೆಣ್ಣೆ ಸವರಿದ ಬೆರಳುಗಳನ್ನು ಎರಡೂ ಕಿವಿಯ ಕೆಳಗೆ, ದವಡೆಯ ಮೂಲೆ ಮುಗಿಯುವ ಕಡೆ ಇಟ್ಟು ಕಣ್ಣು ಮುಚ್ಚುತ್ತಿದ್ದಳು. ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಅನ್ನುತ್ತಿದ್ದಳು. ಯಾವ ಕಡೆ ಬಿಗಿಯಿದೆ ಎಂದು ಗೊತ್ತಾದ ಮೇಲೆ ಹೆಗಲಿನಿಂದ ಮೇಲಕ್ಕೆ ನೀವುತ್ತಿದ್ದಳು, ಎಣ್ಣೆ ಆರುವವರೆಗೆ. ತಿರುಚುತ್ತಿರಲಿಲ್ಲ. “ಕತ್ತ ಮಾತ್ರ ತಿರುಚ್ಬಾರ್ದು ಕಣವ್ವ, ಜೀವ ಹೋಗೋ ದಾರಿ ಅದೆ ಅಲ್ಲಿ” ಅನ್ನುತ್ತಿದ್ದಳು. ಕೈಕಾಲು ಸೋತವರು, ಜ್ವರ ಬಂದವರು, ಮರದಿಂದ ಬಿದ್ದವರು ಬಂದರೆ ಮುಟ್ಟದೆ ಆಸ್ಪತ್ರೆಗೆ ಕಳಿಸುತ್ತಿದ್ದಳು.

ಅಜ್ಜಿ ಬೆರಳಿಡುತ್ತಿದ್ದ ಜಾಗದಲ್ಲಿ ಸಿಗುವುದು ಕತ್ತಿನ ಏಳು ಮೂಳೆಗಳಲ್ಲಿ ಮೊದಲನೆಯದರ ಅಂಚು ಎಂದು ನಾನು ಕಾಲೇಜಿನಲ್ಲಿ ಕಲಿತೆ. ಅದರ ಹೆಸರು ಅಟ್ಲಾಸ್. ಗ್ರೀಕರ ಕಥೆಯಲ್ಲಿ ಆಕಾಶ ಹೊತ್ತವನು, ನಮ್ಮ ಆದಿಶೇಷ ಭೂಮಿ ಹೊತ್ತ ಹಾಗೆ. ಅದು ಉಂಗುರದಂತೆ ಎರಡನೇ ಮೂಳೆಯ ಗೂಟಕ್ಕೆ ಸಿಕ್ಕಿಕೊಂಡು ತಿರುಗುತ್ತದೆ. ನಾವು ತಲೆ ತಿರುಗಿಸುವುದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಈ ಒಂದೇ ಜೋಡಿಯದು.

ಇದೇ ಜೋಡಿಯ ಮೇಲೆ ಅಮೆರಿಕದ ಒಂದು ವೃತ್ತಿಯೊಳಗೆ ಒಂದು ಪಂಥವೇ ಬೆಳೆಯಿತು. 1895ರ ಸೆಪ್ಟೆಂಬರ್ 18ರಂದು ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್, ಹಾರ್ವಿ ಲಿಲ್ಲರ್ಡ್ ಎಂಬ ಜಾಡಮಾಲಿಯ ಬೆನ್ನುಮೂಳೆಯನ್ನು ಒತ್ತಿ ಕೂರಿಸಿ, ಅವನ ಕಿವುಡು ಹೋಯಿತು ಎಂದು ಸಾರಿದ. ಕೈರೋಪ್ರ್ಯಾಕ್ಟಿಕ್ ಎಂಬ ಆ ವೃತ್ತಿ ಹುಟ್ಟಿದ್ದು ಅಂದು. ಬಗ್ಗಿ ದುಡಿಯುವಾಗ ಬೆನ್ನಲ್ಲಿ ಏನೋ ತಪ್ಪಿದಂತಾಗಿ ಕಿವಿ ಹೋಯಿತು ಎಂಬುದು ಆ ಕೂಲಿಕಾರನ ಹೇಳಿಕೆಯಾಗಿತ್ತು. ಅಲ್ಲಿಯೂ ಕಥೆ ಶುರುವಾದದ್ದು ದುಡಿಯುವ ಮೈಯಿಂದಲೇ. 1930ರ ದಶಕದಲ್ಲಿ ಪಾಮರನ ಮಗ ಬಿ.ಜೆ. ಪಾಮರ್, ಕತ್ತಿನ ಮೇಲಿನ ಎರಡು ಮೂಳೆ ಸರಿಹೋದರೆ ಸಾಕು ಎಂಬ ಪಂಥ ಕಟ್ಟಿದ. ಆ ಪಂಥದವರು ಇಂದಿಗೂ ರೋಗಿಯನ್ನು ಮಲಗಿಸಿ ಎರಡು ಕಾಲಿನ ಉದ್ದ ಹೋಲಿಸುತ್ತಾರೆ, ಕಿವಿಯ ಕೆಳಗೆ ಬೆರಳಿಟ್ಟು ತಡವುತ್ತಾರೆ, ಎಕ್ಸ್‌ರೇ ತೆಗೆಸಿ ಗೆರೆ ಎಳೆದು ಮೂಳೆಯ ಓರೆ ಅಳೆಯುತ್ತಾರೆ. ಆಮೇಲೆ ಪಕ್ಕಕ್ಕೆ ಮಲಗಿಸಿ ಅಂಗೈಬುಡದಿಂದ, ಕೆಲವರು ಮೆಲ್ಲಗೆ, ಕೆಲವರು ಫಟ್ಟನೆ, ಒತ್ತುತ್ತಾರೆ.

ಕತ್ತಿನ ಬಿಗಿತಕ್ಕೆ, ಕೆಲವು ಬಗೆಯ ತಲೆನೋವಿಗೆ ತಿಳಿದವರ ಕೈಯಿಂದ ಆರಾಮ ಸಿಗುವುದುಂಟು. ಆದರೆ ಎಲ್ಲ ಕಾಯಿಲೆಯೂ ಓರೆಯಾದ ಮೂಳೆಯಿಂದ ಎಂಬ ಹಳೆಯ ಮಾತಿಗೆ ಆಧಾರ ಸಿಕ್ಕಿಲ್ಲ. ಲಟಕ್ಕೆನ್ನುವ ಸದ್ದು ಕೂಡ ಮೂಳೆ ಜಾಗಕ್ಕೆ ಕೂತ ಸದ್ದಲ್ಲ, ಕೀಲಿನ ದ್ರವದಲ್ಲಿ ಏಳುವ ಗಾಳಿಗುಳ್ಳೆಯದು. ಅಜ್ಜಿ ಹೇಳಿದ ಜೀವದ ದಾರಿಯಂತೂ ನಿಜ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ತೂತಿನಲ್ಲಿ ಹತ್ತಿ, ಅಟ್ಲಾಸಿನ ಮೇಲೆ ಬಳಸಿಕೊಂಡು ತಲೆಯೊಳಗೆ ಹೋಗುತ್ತವೆ. ಜೋರಾಗಿ ತಿರುಚಿದರೆ, ಅಪರೂಪಕ್ಕಾದರೂ, ಆ ನಾಳದ ಒಳಪದರ ಹರಿದು ಲಕ್ವ ಹೊಡೆಯಬಹುದು. ರುಮಟಾಯ್ಡ್ ಕೀಲುವಾತ ಇರುವವರಲ್ಲಿ ಎರಡನೇ ಮೂಳೆಯ ಆ ಗೂಟ ಹಿಡಿದಿಡುವ ಕಟ್ಟೇ ಸಡಿಲವಾಗಿರಬಹುದು. ಅದಕ್ಕೇ ನಾನು ಕ್ಷೌರದಂಗಡಿಯ ನೆಟಿಗೆ ಬೇಡವೇ ಬೇಡ ಎಂದು ಬಂದವರಿಗೆಲ್ಲ ಕೈಮುಗಿದು ಹೇಳುತ್ತೇನೆ.

ಹೋದ ಹೊಗೆಸೊಪ್ಪಿನ ಕಾಲದಲ್ಲಿ ಐವತ್ತು ದಾಟಿದ ತಾಯಿಯೊಬ್ಬರು ಬಂದಿದ್ದರು. ಕತ್ತಿನ ಮೂಳೆ ಜಾರಿದೆ ಎಂದು ಯಾರೋ ಹೇಳಿ ಹೆದರಿಸಿದ್ದರು. ತಿರುಗಿಸಿ ನೋಡಿದೆ, ಕೈಬಲ ನೋಡಿದೆ, ಕಿವಿಯ ಕೆಳಗೆ ತಡವಿದೆ. ಜಾರಿದ್ದು ಏನೂ ಇರಲಿಲ್ಲ. ಹಿಂಗತ್ತಿನ ಸ್ನಾಯು ಹಗ್ಗದ ಹಾಗೆ ಬಿಗಿದಿದ್ದವು. ದಿನಕ್ಕೆ ಎಷ್ಟು ಹೊತ್ತು ಕಡ್ಡಿ ಕಟ್ಟುತ್ತೀರವ್ವ ಎಂದು ಕೇಳಿದೆ. ನೆಲದ ಮೇಲೆ ಕೂತು ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಎಂದರು. ಕಡ್ಡಿಯನ್ನು ಎದೆಮಟ್ಟಕ್ಕೆ ಏರಿಸಲು ಒಂದು ಕವೆಗೂಟ ನೆಡಿಸಿ, ಗಂಟೆಗೊಮ್ಮೆ ಎದ್ದು ಕತ್ತಾಡಿಸಿ ಎಂದು ಹೇಳಿ, ಮಾಡುವುದನ್ನು ತೋರಿಸಿ ಕಳಿಸಿದೆ. ಮೂರು ವಾರದ ಮೇಲೆ ಬಂದು ತಲೆಯನ್ನು ಎರಡೂ ಕಡೆ ತಿರುಗಿಸಿ ತೋರಿಸಿದರು. ಪಕ್ಕದ ಮನೆಯ ಬ್ಯಾರನ್ನಿಗೂ ಗೂಟ ನೆಟ್ಟಿದ್ದಾರಂತೆ.

ನಮ್ಮೂರ ಹೊರೆಗಲ್ಲು ರಸ್ತೆ ಅಗಲ ಮಾಡಿದಾಗ ಹೋಯಿತು. ಅದನ್ನು ನಿಲ್ಲಿಸಿದವರು ವೈದ್ಯರಲ್ಲ. ದಣಿದ ಕತ್ತಿಗೆ ಮೊದಲು ಬೇಕಾದ್ದು ಹೊರೆ ಇಳಿಸುವ ಒಂದು ಜಾಗ ಎಂದು ಅರಿತವರು. ಆ ಕವೆಗೂಟವೂ ಅದೇ ಲೆಕ್ಕ.