ಕಾಕ್ಸಿಜೆಕ್ಟಮಿ

ಬೆನ್ನೆಲುಬಿನ ಕಟ್ಟಕಡೆಯ ತುಂಡಾದ ಬಾಲಮೂಳೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದೇ ಕಾಕ್ಸಿಜೆಕ್ಟಮಿ. ಗ್ರೀಕರ ‘ಕೊಕ್ಕುಕ್ಸ್’ ಎಂದರೆ ಕುಕ್ಕೂ ಹಕ್ಕಿ, ನಮ್ಮ ಕೋಗಿಲೆಯ ಬಳಗದ್ದು. ಬಾಗಿದ ಈ ಮೂಳೆ ಅವರಿಗೆ ಅದರ ಕೊಕ್ಕಿನಂತೆ ಕಂಡಿತು. ‘ಎಕ್ಟಮಿ’ ಎಂದರೆ ಕತ್ತರಿಸಿ ಹೊರತೆಗೆಯುವುದು. ಬಾಲಮೂಳೆಯ ನೋವಿಗೆ ‘ಕಾಕ್ಸಿಗೋಡಿನಿಯಾ’ ಎಂದು 1859ರಲ್ಲಿ ಹೆಸರಿಟ್ಟವರು ಎಡಿನ್‌ಬರೊದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್. ಹೆರಿಗೆ ನೋವಿಗೆ ಕ್ಲೋರೊಫಾರ್ಮ್ ಬಳಸಿದವರೂ ಅವರೇ. ಬಿದ್ದೋ, ಹೆರಿಗೆಯಲ್ಲೋ ಈ ಮೂಳೆಗೆ ಪೆಟ್ಟಾದವರಿಗೆ ಕುಳಿತುಕೊಳ್ಳುವುದೇ ಶಿಕ್ಷೆ. ‘ಸ್ವಲ್ಪ ಸಹಿಸಿಕೊಳ್ಳಿ’ ಎಂದು ಅವರನ್ನು ಸಾಗಹಾಕುವುದು ಅನ್ಯಾಯ. ಹೆಚ್ಚಿನವರಿಗೆ ಮೆತ್ತೆ, ಮಾತ್ರೆ, ಫಿಸಿಯೋಥೆರಪಿ, ಇಂಜೆಕ್ಷನ್‌ಗಳಲ್ಲೇ ಗುಣ ಕಾಣುತ್ತದೆ. ತಿಂಗಳುಗಟ್ಟಲೆ ಇವಕ್ಕೆ ಬಗ್ಗದ ನೋವಿಗಷ್ಟೇ ಆಪರೇಷನ್. ಗುದದ್ವಾರ ಹತ್ತಿರವಿರುವುದರಿಂದ ಗಾಯಕ್ಕೆ ಸೋಂಕು ತಗಲುವ ಭಯವಿದೆ. ನೋವು ಪೂರ್ತಿ ಇಳಿಯಲು ಹಲವು ತಿಂಗಳು ಹಿಡಿಯಬಹುದು.