ತೃತೀಯಾ ಪ್ರಕೃತಿಯೂ ಧರ್ಮಪ್ರಮಾಣವೂ

ಬಳ್ಳಾರಿ ಸೀಮೆಯು ನಿಜಾಮನಿಂದ ಇಂಗ್ಲಿಷ್ ಕಂಪೆನಿಯ ಕೈಸೇರಿದುದು 1800ನೆಯ ಇಸವಿಯಲ್ಲಿ. ಆಗ ದಂಡು ಬೀಡುಬಿಟ್ಟ ಪ್ರದೇಶವು ಇಂದಿಗೂ ಕಂಟೋನ್ಮೆಂಟ್ ಎಂದೇ ಕರೆಯಿಸಿಕೊಳ್ಳುತ್ತಿದೆ. ದಂಡಿನ ಬೆನ್ನಹಿಂದೆ ಎರಡು ಹೊಸ ಸಂಗತಿಗಳು ಈ ಊರಿಗೆ ಬಂದವು. ಒಂದು ಗ್ರಂಥ, ಇನ್ನೊಂದು ಕಾಯಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯು 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಬೈಬಲ್ಲಿನ ಭಾಷಾಂತರಕ್ಕೆ ಕೈಹಾಕಿದನು. 1831ರ ವೇಳೆಗೆ ಸಮಗ್ರ ಗ್ರಂಥವು ಕನ್ನಡದಲ್ಲಿ ದೊರೆಯುವಂತಾಯಿತು. ಕಾಯಿದೆಯೆಂದರೆ 1860ರ ಭಾರತೀಯ ದಂಡಸಂಹಿತೆ. ಅದು 1862ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ 377ನೆಯ ಕಲಮು, ಪ್ರಕೃತಿಯ ನಿಯಮಕ್ಕೆ ವಿರುದ್ಧವಾದ ಸಂಗಕ್ಕೆ ಯಾವಜ್ಜೀವ ಶಿಕ್ಷೆಯವರೆಗೂ ವಿಧಿಸಬಹುದೆಂದು ಸಾರಿತು. ಅದರ ಮೂಲವು ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲಕ್ಕೆ, ಅಂದರೆ 1533ರಲ್ಲಿ ಹುಟ್ಟಿದ ಕಾನೂನಿಗೆ ಹೋಗಿ ಮುಟ್ಟುತ್ತದೆ. ಹೀಗೆ ಹೊರಗಿನಿಂದ ಬಂದ ವಿಧಿಯನ್ನು ನೂರೈವತ್ತು ವರ್ಷಗಳ ಬಳಕೆಯಿಂದ ಈ ದೇಶದ ಜನರು ಸನಾತನ ಧರ್ಮದ ವಿಧಿಯೆಂದೇ ಭಾವಿಸತೊಡಗಿದುದು ಚರಿತ್ರೆಯ ವಿಚಿತ್ರಗಳಲ್ಲೊಂದು.

ಹಾಗಾದರೆ ಶಾಸ್ತ್ರಗಳು ಹೇಳುವುದೇನು? ಹಿಂದಿನ ಕಾಲವೆಲ್ಲ ಔದಾರ್ಯದ ಸುವರ್ಣಯುಗವಾಗಿತ್ತೆಂದು ಈಚೆಗೆ ಕೆಲವರು ಹೇಳುತ್ತಿರುವುದೂ ನಿಜವಲ್ಲ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಪುರುಷರ ಪರಸ್ಪರ ಸಂಗವನ್ನು ಜಾತಿಭ್ರಂಶಕರವಾದ ದೋಷಗಳಲ್ಲಿ ಎಣಿಸುತ್ತದೆ. ಆದರೆ ಅದೇ ಅಧ್ಯಾಯದ ಮುಂದಿನ ಭಾಗದಲ್ಲಿ ಇದಕ್ಕೆ ಹೇಳಿರುವ ಪ್ರಾಯಶ್ಚಿತ್ತವು ಉಟ್ಟ ಬಟ್ಟೆಯಲ್ಲಿ ಒಂದು ಸ್ನಾನ ಮಾತ್ರ; ಎತ್ತಿನ ಗಾಡಿಯಲ್ಲಿಯೋ ಹಗಲಿನಲ್ಲಿಯೋ ಸ್ತ್ರೀಸಂಗ ಮಾಡಿದವನಿಗೂ ಅಷ್ಟೇ. ಹಗಲುಸಂಗದ ಅಪರಾಧಕ್ಕಾಗಿ ಮಗನನ್ನು ಮನೆಯಿಂದ ಹೊರಹಾಕಿದ ತಂದೆಯನ್ನು ಯಾರೂ ಕಂಡಿಲ್ಲ. ಕನ್ಯೆಯರ ವಿಷಯದಲ್ಲಿ ಎಂಟನೆಯ ಅಧ್ಯಾಯವು ದಂಡವನ್ನೂ ಪೆಟ್ಟನ್ನೂ ವಿಧಿಸುತ್ತದೆಯೆಂಬುದನ್ನೂ ಮರೆಮಾಚಬಾರದು.

ವೈದ್ಯಶಾಸ್ತ್ರದ ದೃಷ್ಟಿಯೇ ಬೇರೆ. ಚರಕ ಸುಶ್ರುತ ಸಂಹಿತೆಗಳೆರಡೂ ಶಾರೀರಸ್ಥಾನದ ಎರಡನೆಯ ಅಧ್ಯಾಯದಲ್ಲಿ ಗಂಡು ಹೆಣ್ಣು ಎಂಬ ಎರಡು ಪಂಕ್ತಿಗಳಲ್ಲಿ ಸೇರದವರ ಭೇದಗಳನ್ನು ಹೆಸರಿಟ್ಟು ವಿವರಿಸಿ, ಅದಕ್ಕೆ ಕಾರಣವನ್ನು ಗರ್ಭದ ಉತ್ಪತ್ತಿಯಲ್ಲಿ ಹುಡುಕುತ್ತವೆ. ಆ ಕಾರಣಗಳು ಇಂದು ನಿಲ್ಲತಕ್ಕವಲ್ಲ. ಆದರೆ ಪ್ರಶ್ನೆಯನ್ನು ಕೇಳಿದ ರೀತಿ ಗಮನಾರ್ಹವಾದುದು. ಯಾವ ಪಾಪಕ್ಕೆ ಇದು ಫಲವೆಂಬ ಪ್ರಶ್ನೆ ಮುಂದಾಗದೆ, ಈ ಶರೀರ ಹೀಗೇಕಾಯಿತೆಂಬ ಪ್ರಶ್ನೆ ಮುಂದಾಯಿತು. ವಾತ್ಸ್ಯಾಯನನಂತೂ ಇವರನ್ನು ತೃತೀಯಾ ಪ್ರಕೃತಿಯೆಂದೇ ಕರೆದನು. ಪ್ರಕೃತಿಗೆ ವಿರುದ್ಧವೆಂದು ಇಂಗ್ಲಿಷ್ ಕಾಯಿದೆ ಹೇಳಿದುದಕ್ಕೂ ಪ್ರಕೃತಿಯಲ್ಲಿ ಮೂರನೆಯದೆಂದು ಈತ ಹೇಳಿದುದಕ್ಕೂ ಇರುವ ಅಂತರವನ್ನು ವಾಚಕರೇ ಅಳೆಯಬಹುದು. ಇಲ್ಲಿ ವ್ಯಾಕರಣದ ಒಂದು ಮಾತು ನೆನಪಾಗದಿರದು. ಸಂಸ್ಕೃತದಲ್ಲಿ ಹೆಂಡತಿಗೆ ಭಾರ್ಯಾ ಎಂದರೆ ಸ್ತ್ರೀಲಿಂಗ, ದಾರಾಃ ಎಂದರೆ ಪುಲ್ಲಿಂಗ, ಕಲತ್ರಂ ಎಂದರೆ ನಪುಂಸಕಲಿಂಗ. ಪಾಠಶಾಲೆಯ ಹುಡುಗರು ಇದನ್ನು ಬಾಯಿಪಾಠ ಮಾಡುತ್ತಾರೆ. ಯಾರ ಸಂಸಾರವೂ ಕೆಟ್ಟಿಲ್ಲ.

ಇದಂತಿರಲಿ. ನಿಜವಾದ ಕಾಠಿಣ್ಯವಿದ್ದುದು ದಾಯಭಾಗದಲ್ಲಿ. ಮನುವಿನ ಒಂಬತ್ತನೆಯ ಅಧ್ಯಾಯವು ಕ್ಲೀಬನಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲವೆನ್ನುತ್ತದೆ. ಯಾಜ್ಞವಲ್ಕ್ಯನ ಮತವೂ ಅದೇ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇದನ್ನು ಒಪ್ಪಿಕೊಂಡರೂ, ವಿಭಾಗವಾದ ಮೇಲೆ ಔಷಧಾದಿಗಳಿಂದ ದೋಷವು ಕಳೆದರೆ ಪಾಲು ಸಲ್ಲತಕ್ಕದ್ದೆಂದು ಸೇರಿಸಿದನು. ಆದರೆ ಮನುವಿನ ಈ ಶ್ಲೋಕವನ್ನು ಬಲ್ಲವರು ಅದರ ಮುಂದಿನದನ್ನು ಓದಿದಂತೆ ತೋರುವುದಿಲ್ಲ. ಪಾಲಿಲ್ಲದ ಇವರೆಲ್ಲರಿಗೂ ಜೀವವಿರುವವರೆಗೆ ಅನ್ನವಸ್ತ್ರಗಳನ್ನು ಕೊಡಲೇಬೇಕು, ಕೊಡದವನು ಪತಿತನಾಗುತ್ತಾನೆ ಎಂಬುದು ಅಲ್ಲಿಯ ವಿಧಿ. ಎಂದರೆ, ಗಂಡುಮಗನು ಸೀರೆಯುಟ್ಟನೆಂದು ಅವನನ್ನು ಹೊರದೂಡಿದ ಮನೆಯಲ್ಲಿ, ಸ್ಮೃತಿಯ ಪ್ರಕಾರ ಪತಿತನಾದವನು ಮಗನಲ್ಲ. ಇನ್ನು ಪಾಲು ಸಲ್ಲದೆಂಬ ನಿಷೇಧವನ್ನು 1928ರ ಹಿಂದೂ ದಾಯಹಕ್ಕಿನ ಕಾಯಿದೆಯೇ ಬಹುಮಟ್ಟಿಗೆ ತೊಡೆದುಹಾಕಿತು. ಅದರಿಂದ ಧರ್ಮವು ಮುಳುಗಲಿಲ್ಲ.

ಹ್ಯಾಂಡ್ಸನು ಕನ್ನಡಿಸಿದ ಗ್ರಂಥದಲ್ಲಿಯೂ ಇಂತಹ ಎರಡು ದನಿಗಳಿವೆ. ಗಂಡಸರ ಸಂಗಕ್ಕೆ ಯಾಜಕಕಾಂಡವು ಮರಣದಂಡನೆಯನ್ನು ಹೇಳುತ್ತದೆ. ಧರ್ಮೋಪದೇಶಕಾಂಡದ ಇಪ್ಪತ್ತಮೂರನೆಯ ಅಧ್ಯಾಯವು ಬೀಜವೊಡೆದವನನ್ನು ದೇವರ ಸಭೆಗೆ ಸೇರಿಸಬಾರದೆನ್ನುತ್ತದೆ. ಆದರೆ ಯೆಶಾಯನ ಐವತ್ತಾರನೆಯ ಅಧ್ಯಾಯದಲ್ಲಿ, ಹಾಗೆ ಹೊರಗಿಟ್ಟವರಿಗೇ ದೇವಾಲಯದಲ್ಲಿ ಮಕ್ಕಳಿಗಿಂತ ಮೇಲಾದ ಹೆಸರು ದೊರೆಯುವುದೆಂಬ ವಾಗ್ದಾನವಿದೆ. ಒಂದೇ ಗ್ರಂಥದೊಳಗೆ ಹಿಂದಿನ ವಿಧಿಯನ್ನು ಮುಂದಿನ ಪ್ರವಾದಿಯು ತಿದ್ದಿದನು.

ಶಾಸ್ತ್ರಗಳ ವಿಚಾರ ಇಷ್ಟಾದರೆ ಬಳ್ಳಾರಿ ಸೀಮೆಯ ಹಳ್ಳಿಗರ ಭಕ್ತಿಯು ಹಿಡಿದ ದಾರಿ ಬೇರೆ. ಗಂಡು ಸಂತಾನವಿಲ್ಲದ ತಂದೆಯು ಮಗಳೊಬ್ಬಳನ್ನು ದೇವರಿಗೆ ಬಿಟ್ಟು ಬಸವಿಯಾಗಿಸಿದರೆ, ಅವಳು ಗಂಡುಮಗನಂತೆ ಆಸ್ತಿಗೆ ಬಾಧ್ಯಳಾಗಿ ಉತ್ತರಕ್ರಿಯೆಯನ್ನೂ ಮಾಡಬಹುದಾಗಿತ್ತು. ಫಾಸೆಟ್ ಎಂಬ ಪೋಲೀಸು ಅಧಿಕಾರಿ 1890ರ ಆಚೀಚೆ ಇದನ್ನು ಕುರಿತು ಒಂದು ಪ್ರಬಂಧವನ್ನೇ ಬರೆದನು. ಆ ಸ್ವಾತಂತ್ರ್ಯದ ಹಿಂದೆ ಹೆಣ್ಣಿನ ಶೋಷಣೆಯೂ ಇದ್ದುದರಿಂದ 1947ರ ಮದರಾಸು ಕಾಯಿದೆಯೂ 1982ರ ಕರ್ನಾಟಕ ಕಾಯಿದೆಯೂ ದೇವರಿಗೆ ಬಿಡುವುದನ್ನು ನಿಷೇಧಿಸಿದುದು ಉಚಿತವೇ. ಗಂಡಾಗಿ ಹುಟ್ಟಿ ಹೆಣ್ಣಿನ ಭಾವವುಳ್ಳವರಿಗೆ ಎಲ್ಲಮ್ಮ, ಹುಲಿಗೆಮ್ಮ ದೇವಿಯರ ಸನ್ನಿಧಿಯಲ್ಲಿ ಜೋಗಪ್ಪ, ಜೋಗತಿ ಎಂಬ ಸ್ಥಾನವು ದೊರೆಯಿತು.

ಕುರುಗೋಡು ತಾಲ್ಲೂಕಿನ ಕಲ್ಲುಕಂಬದಲ್ಲಿ ಮಂಜುನಾಥನೆಂಬ ಹೆಸರಿನಿಂದ ಹುಟ್ಟಿದ ಮಂಜಮ್ಮ ಜೋಗತಿಯವರ ಚರಿತ್ರೆಯು ಇದಕ್ಕೆ ನಿದರ್ಶನ. ಹುಲಿಗೆಯಲ್ಲಿ ಉಡಿದಾರವನ್ನು ಹರಿದು, ಬಳೆ ತೊಡಿಸಿ, ಅವರನ್ನು ದೇವಿಗೆ ಒಪ್ಪಿಸಿದರು. ಆಗ ತಾಯಿ ಅತ್ತುದನ್ನು ಅವರೇ ಹೇಳಿಕೊಂಡಿದ್ದಾರೆ. ದೇವಿಯು ಅಂಗೀಕರಿಸಿದರೂ ಮನೆಯು ಅಂಗೀಕರಿಸಲಿಲ್ಲ. ವಿಷ ಕುಡಿದು ಬದುಕಿದುದು, ಭಿಕ್ಷೆ ಬೇಡಿದುದು, ಇಡ್ಲಿ ಮಾರಿದುದು, ಕಾಳವ್ವ ಜೋಗತಿಯವರ ಬಳಿ ಕೊಡ ಹೊತ್ತು ಕುಣಿಯುವುದನ್ನು ಕಲಿತುದು, ಇವೆಲ್ಲ ಆಮೇಲಿನವು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಪದವಿ, 2021ರಲ್ಲಿ ಪದ್ಮಶ್ರೀ ಅವರಿಗೆ ಬಂದವು. ಅವರ ಜೀವನಕಥನದ ಹೆಸರು 'ನಡುವೆ ಸುಳಿವ ಹೆಣ್ಣು'. ದೇಹದ ನಡುವೆ ಸುಳಿಯುವ ಆತ್ಮಕ್ಕೆ ಗಂಡು ಹೆಣ್ಣೆಂಬುದಿಲ್ಲವೆಂದ ಜೇಡರ ದಾಸಿಮಯ್ಯನನ್ನು ಅದು ನೆನಪಿಗೆ ತರುತ್ತದೆ.

ಹುಲಿಗೆಯು ತುಂಗಭದ್ರೆಯ ಆಚೆಯ ದಡದಲ್ಲಿ, ಹಿಂದಿನ ಹೈದರಾಬಾದು ಸಂಸ್ಥಾನದಲ್ಲಿತ್ತು. ಆ ಸಂಸ್ಥಾನವು 1919ರಲ್ಲಿ ಮಾಡಿದ ಕಾಯಿದೆಯಂತೆ, ದಾಖಲೆಯಲ್ಲಿ ಹೆಸರಿರುವ ಹಿಜಡಾಗಳು ಬೀದಿಯಲ್ಲಿ ಸ್ತ್ರೀವೇಷದಿಂದ ಕಾಣಿಸಿಕೊಂಡರೂ ಕುಣಿದರೂ ಅಪರಾಧವಾಗುತ್ತಿತ್ತು. ಇದನ್ನು ತೆಲಂಗಾಣದ ಉಚ್ಚ ನ್ಯಾಯಾಲಯವು ರದ್ದುಮಾಡಿದುದು 2023ರಲ್ಲಿ!

ಜೋಗತಿಯ ಸ್ಥಾನವನ್ನು ತೋರಿಸಿ, ಧರ್ಮವು ಇವರನ್ನು ಒಪ್ಪಿಕೊಂಡೇ ಇದೆಯೆಂದು ಸಮಾಧಾನ ಪಡುವವರುಂಟು. ಅದು ಅರ್ಧ ಸತ್ಯ. ದೇವಿ ಹಿಡಿದವರಿಗೆ ಕೊಡವೂ ಚೌಡಿಕೆಯೂ ದೊರೆತವು. ದೇವಿ ಹಿಡಿಯದೆ, ಸೀರೆಯನ್ನೂ ಉಡದೆ, ತನ್ನಂತೆಯೇ ಗಂಡಾದ ಇನ್ನೊಬ್ಬನಲ್ಲಿ ಅನುರಾಗವಿಟ್ಟು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವವನಿಗೆ, ಮದುವೆಯೊಲ್ಲದ ಹೆಣ್ಣುಮಗಳಿಗೆ, ಯಾವ ಗುಡಿಯಲ್ಲಿ ಯಾವ ಹೆಸರಿದೆ?

ಇಂಥವರ ವಿಷಯದಲ್ಲಿ ವಿಜ್ಞಾನವು ಮಾತನಾಡಿದುದೂ ನಿಧಾನವಾಗಿಯೇ. ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಾನುರಾಗವನ್ನು ರೋಗಗಳ ಪಟ್ಟಿಯಿಂದ ತೆಗೆದುದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿ. 4,70,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಸಂಶೋಧನೆಯು, ಇದಕ್ಕೆ ಕಾರಣವಾದ ಒಂದೇ ವಂಶಾಣುವಿಲ್ಲ, ಸಣ್ಣ ಸಣ್ಣ ಪ್ರಭಾವದ ಅನೇಕ ವಂಶಾಣುಗಳೂ ಇತರ ಕಾರಣಗಳೂ ಸೇರಿವೆಯೆಂದು ಕಂಡಿತು. ಪ್ರಾಣಿಶಾಸ್ತ್ರಜ್ಞರು ನೂರಾರು ಪ್ರಾಣಿಗಳಲ್ಲಿ ಈ ವರ್ತನೆಯನ್ನು ನೋಡಿದ್ದಾರೆ. ಪ್ರಕೃತಿವಿರುದ್ಧವೆಂಬ ಶಬ್ದಕ್ಕೆ ಪ್ರಕೃತಿಯೇ ಸಾಕ್ಷಿ ನುಡಿಯಲಿಲ್ಲ.

ಪ್ರತ್ಯಕ್ಷವು ಶಾಸ್ತ್ರದೊಡನೆ ವಿರೋಧಿಸಿದಾಗ ಆಸ್ತಿಕನು ಮಾಡತಕ್ಕದ್ದೇನೆಂಬುದಕ್ಕೆ ಉತ್ತರವು ಹೊಸದಲ್ಲ. ಬೆಂಕಿಯು ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಅವು ಪ್ರಮಾಣವಾಗಲಾರವೆಂಬ ಅಭಿಪ್ರಾಯವನ್ನು ಶಂಕರಾಚಾರ್ಯರು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ವೇದ, ಸ್ಮೃತಿ, ಸದಾಚಾರಗಳೊಡನೆ ಮನುವು ಧರ್ಮಮೂಲವೆಂದು ಎಣಿಸಿದ ನಾಲ್ಕನೆಯದು ಆತ್ಮತುಷ್ಟಿ. ಅದನ್ನು ಮನಬಂದಂತೆ ನಡೆಯುವುದೆಂದು ತಿಳಿಯಬಾರದು; ಮೊದಲಿನ ಮೂರು ದಾರಿ ತೋರದ ಕಡೆ ಸಜ್ಜನನ ಅಂತಃಕರಣವು ತಾನೇ ನಿರ್ಣಯಿಸಬೇಕೆಂದು ಅರ್ಥ. ಸಂದೇಹ ಬಂದಲ್ಲಿ ಸತ್ಪುರುಷರ ಅಂತಃಕರಣದ ಒಲವೇ ಪ್ರಮಾಣವೆಂದು ದುಷ್ಯಂತನ ಬಾಯಲ್ಲಿ ನುಡಿಸಿದ ಕಾಳಿದಾಸನೂ ಇದನ್ನು ಬಲ್ಲವನೇ. ಮಗನು ಬಾಯಿಬಿಟ್ಟು ಹೇಳಿದ ರಾತ್ರಿ ತಾಯಿತಂದೆಗಳ ಮುಂದೆ ಸ್ಮೃತಿಯೂ ಇರುವುದಿಲ್ಲ, ಪುರೋಹಿತನೂ ಇರುವುದಿಲ್ಲ. ಇರುವುದು ಈ ನಾಲ್ಕನೆಯದೊಂದೇ.

ದೆಹಲಿಯ ಉಚ್ಚ ನ್ಯಾಯಾಲಯವು 2009ರಲ್ಲಿ 377ನೆಯ ಕಲಮನ್ನು ಸಡಿಲಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮತ್ತೆ ನಿಲ್ಲಿಸಿತು. 2014ರ ಏಪ್ರಿಲ್ 15ರಂದು ತೃತೀಯ ಲಿಂಗಿಗಳ ಹಕ್ಕನ್ನು ಒಪ್ಪಿದ ಅದೇ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಸಮ್ಮತಿಯಿಂದ ನಡೆಸುವ ಸಂಗವು ಅಪರಾಧವಲ್ಲವೆಂದು ತೀರ್ಪಿತ್ತಿತು. 2021ರಲ್ಲಿ ಕರ್ನಾಟಕ ಸರ್ಕಾರವು ತನ್ನ ಉದ್ಯೋಗಗಳಲ್ಲಿ ಇವರಿಗೆ ಶೇಕಡಾ 1ರ ಮೀಸಲಾತಿಯನ್ನು ಕೊಟ್ಟಿತು. ವಿವಾಹದ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಕೊಡದೆ ಶಾಸನಸಭೆಗೆ ಬಿಟ್ಟಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಬದಲಿಗೆ ಬಂದ ನ್ಯಾಯಸಂಹಿತೆಯಲ್ಲಿ 377ನೆಯ ಕಲಮಿಗೆ ಸಮನಾದುದು ಯಾವುದೂ ಇಲ್ಲ. ದಂಡಿನ ಹಿಂದೆ ಬಳ್ಳಾರಿಗೆ ಬಂದ ಆ ವಾಕ್ಯವು ನೂರರವತ್ತೆರಡು ವರ್ಷಗಳ ಮೇಲೆ ಪುಸ್ತಕದಿಂದ ಹೊರಟುಹೋಯಿತು. ಮನುವಿನ ಒಂಬತ್ತನೆಯ ಅಧ್ಯಾಯದ ಅನ್ನವಸ್ತ್ರಗಳ ಶ್ಲೋಕವು ಇನ್ನೂ ಪುಸ್ತಕದಲ್ಲಿಯೇ ಇದೆ.