ಕನೆಕ್ಷನ್ ವಿಮಾನ: ಒಂದೇ ಟಿಕೆಟೋ, ಎರಡು ಟಿಕೆಟೋ?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳಿಗೆ ವಿಮಾನ ಪ್ರಯಾಣ ಹೊಸತೇನಲ್ಲ. ಮಂಗಳೂರಿನಲ್ಲಿ ಹತ್ತಿದರೆ ನಾಲ್ಕು ಗಂಟೆಯೊಳಗೆ ದುಬೈಯಲ್ಲಿ ಇಳಿದಾಯಿತು. ಆದರೆ ಈಗ ಮಕ್ಕಳು ಓದಲಿಕ್ಕೆ, ಕೆಲಸಕ್ಕೆ ಎಂದು ಲಂಡನ್, ಟೊರಾಂಟೊ ಕಡೆಗೂ ಹೊರಡುತ್ತಿದ್ದಾರೆ. ಅಲ್ಲಿಗೆ ಮಂಗಳೂರಿನಿಂದಲೂ ಇಲ್ಲ, ಕಣ್ಣೂರಿನಿಂದಲೂ ನೇರ ವಿಮಾನ ಇಲ್ಲ. ನಡುವೆ ಎಲ್ಲಾದರೂ ಇಳಿದು ಇನ್ನೊಂದು ವಿಮಾನ ಹತ್ತಲೇಬೇಕು. ಇದಕ್ಕೇ ಕನೆಕ್ಷನ್ ಎನ್ನುವುದು.

ದುಬೈಯಿಂದ ಟೊರಾಂಟೊಗೆ ಸುಮಾರು 14 ಗಂಟೆ, ಲಂಡನ್‌ಗೆ ಏಳೂವರೆ ಗಂಟೆ. ಇಕ್ಕಟ್ಟಿನ ಸೀಟು, ತಣ್ಣಗಾದ ಊಟ, ಪಕ್ಕದಲ್ಲಿ ಅಳುವ ಮಗು, ಕೆಟ್ಟು ನಿಂತ ಟಿವಿ ಪರದೆ, ಇವೆಲ್ಲ ಊರು ಮುಟ್ಟಿದ ಮೇಲೆ ಮರೆತುಹೋಗುವ ಕಿರಿಕಿರಿಗಳು. ದೊಡ್ಡ ನಷ್ಟ ಆಗುವುದು ಎರಡನೆಯ ವಿಮಾನ ತಪ್ಪಿದಾಗ. ಆ ನಷ್ಟ ಕಂಪನಿಯ ತಲೆಗೋ ಪ್ರಯಾಣಿಕನ ತಲೆಗೋ ಎಂಬುದು ಟಿಕೆಟ್ ಮಾಡಿದ ದಿನವೇ ತೀರ್ಮಾನವಾಗಿರುತ್ತದೆ.

ಒಂದೇ ಟಿಕೆಟ್ ಎಂದರೆ ಏನು?

ಮಂಗಳೂರಿನಿಂದ ಟೊರಾಂಟೊವರೆಗಿನ ಎಲ್ಲ ವಿಮಾನಗಳೂ ಒಂದೇ ಟಿಕೆಟಿನಲ್ಲಿ ಇದ್ದರೆ, ಪ್ರಯಾಣಿಕನನ್ನು ಕೊನೆಯ ಊರಿಗೆ ಮುಟ್ಟಿಸುವ ಹೊಣೆ ಕಂಪನಿಯದ್ದು. ವಿಮಾನಗಳು ಬೇರೆ ಬೇರೆ ಕಂಪನಿಯದ್ದಾದರೂ ಅವುಗಳ ನಡುವೆ ಒಪ್ಪಂದ ಇದ್ದರೆ ಒಂದೇ ಟಿಕೆಟ್ ಸಾಧ್ಯ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನದಲ್ಲಿ ಹೊಸ ದುಡ್ಡು ಕೇಳದೆ ಸೀಟು ಕೊಡಬೇಕು. ಬ್ಯಾಗು ಸಹ ಸಾಮಾನ್ಯವಾಗಿ ನೇರ ಕೊನೆಯ ಊರಿಗೇ ಹೋಗುತ್ತದೆ.

ಎರಡು ಟಿಕೆಟ್ ಬೇರೆ ಬೇರೆ ಮಾಡಿದರೆ ಈ ಹೊಣೆ ಯಾರಿಗೂ ಇಲ್ಲ. ಮೊದಲ ಕಂಪನಿಯ ಲೆಕ್ಕದಲ್ಲಿ ಅವನು ದುಬೈಗೆ ಹೋಗುವವನು, ಅಷ್ಟೇ. ಎರಡನೆಯ ಕಂಪನಿಯ ಲೆಕ್ಕದಲ್ಲಿ ಅವನು ಹೊತ್ತಿಗೆ ಸರಿಯಾಗಿ ಬಾರದ ಪ್ರಯಾಣಿಕ. ಟಿಕೆಟಿನ ದುಡ್ಡು ಹೋದ ಹಾಗೆಯೇ. ಹಿಂದಿರುಗುವ ಪ್ರಯಾಣವೂ ಅದೇ ಟಿಕೆಟಿನಲ್ಲಿದ್ದರೆ ಅದೂ ರದ್ದಾಗುವುದುಂಟು. ಏಕೆಂದರೆ ಟಿಕೆಟಿನ ಹಂತಗಳನ್ನು ಕ್ರಮವಾಗಿಯೇ ಬಳಸಬೇಕು, ಒಂದು ಹಂತಕ್ಕೆ ಹತ್ತದಿದ್ದರೆ ಮುಂದಿನವುಗಳನ್ನೂ ಕಂಪನಿ ತೆಗೆದುಹಾಕುತ್ತದೆ.

ಇದನ್ನು ಕಂಡುಹಿಡಿಯುವುದು ಹೇಗೆ? ಇ-ಟಿಕೆಟಿನಲ್ಲಿ 13 ಅಂಕಿಗಳ ಟಿಕೆಟ್ ಸಂಖ್ಯೆ ಇರುತ್ತದೆ. ಎಲ್ಲ ವಿಮಾನಗಳೂ ಅದೇ ಒಂದು ಸಂಖ್ಯೆಯ ಅಡಿಯಲ್ಲಿ ಇದ್ದರೆ ಅದು ಒಂದೇ ಟಿಕೆಟ್. ಬುಕಿಂಗ್ ಆ್ಯಪ್ ಕೊಡುವ ಬುಕಿಂಗ್ ನಂಬರ್ ನೋಡಿ ಮೋಸ ಹೋಗಬಾರದು. ಕೆಲವು ಆ್ಯಪ್‌ಗಳು ಎರಡು ಬೇರೆ ಟಿಕೆಟ್‌ಗಳನ್ನು ಜೋಡಿಸಿ ತಮ್ಮದೇ ಒಂದು ನಂಬರ್ ಹಾಕಿ ಮಾರುತ್ತವೆ. ಸಣ್ಣ ಅಕ್ಷರದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಬರೆದಿದ್ದರೆ ಅದು ಎರಡು ಟಿಕೆಟ್ ಎಂದೇ ಅರ್ಥ.

ಬ್ಯಾಗು ಹೊರಗೆ, ಪ್ರಯಾಣಿಕ ಒಳಗೆ

ಎರಡು ಟಿಕೆಟಿನ ಇನ್ನೊಂದು ತೊಡಕು ವೀಸಾದ್ದು. ದುಬೈಯಲ್ಲಿ ವಿಮಾನ ಬದಲಿಸುವವರು ಒಂದೇ ಟಿಕೆಟಿನಲ್ಲಿದ್ದರೆ ಇಮಿಗ್ರೇಷನ್ ದಾಟಬೇಕಾಗಿಲ್ಲ, ಯುಎಇ ವೀಸಾವೂ ಬೇಡ. ಆದರೆ ಟಿಕೆಟ್ ಬೇರೆಯಾದರೆ ಬ್ಯಾಗು ದುಬೈಯ ಬೆಲ್ಟಿಗೆ ಬಂದು ಬೀಳುತ್ತದೆ. ಆ ಬೆಲ್ಟು ಇರುವುದು ಇಮಿಗ್ರೇಷನ್‌ನ ಆಚೆ. ವೀಸಾ ಇಲ್ಲದವನು ಅದನ್ನು ತೆಗೆದು ಮತ್ತೆ ಚೆಕ್-ಇನ್ ಮಾಡುವುದಾದರೂ ಹೇಗೆ? ಮಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ‘ನಿಮ್ಮ ಟಿಕೆಟ್ ದುಬೈವರೆಗೆ, ವೀಸಾ ಎಲ್ಲಿ?’ ಎಂದು ತಡೆಯುವುದೂ ಉಂಟು. ಅದರ ಮೇಲೆ ದುಬೈಯಲ್ಲಿ ಮೂರು ಟರ್ಮಿನಲ್‌ಗಳಿವೆ. ಎರಡನೆಯ ಟರ್ಮಿನಲ್ ಇರುವುದು ರನ್‌ವೇಯ ಇನ್ನೊಂದು ಬದಿಯಲ್ಲಿ. ನಡೆದು ಹೋಗುವ ದೂರ ಅಲ್ಲ.

ಅಮೆರಿಕದ ಮೂಲಕ ಇನ್ನೊಂದು ದೇಶಕ್ಕೆ ಹೋಗುವುದಾದರೆ ಟಿಕೆಟ್ ಒಂದೇ ಇದ್ದರೂ ವೀಸಾ ಬೇಕು. ಅಲ್ಲಿ ಇಮಿಗ್ರೇಷನ್ ದಾಟದೆ ವಿಮಾನ ಬದಲಿಸುವ ವ್ಯವಸ್ಥೆಯೇ ಇಲ್ಲ. ಬ್ರಿಟನ್ನಿನಲ್ಲೂ ಭಾರತದ ಪಾಸ್‌ಪೋರ್ಟ್ ಇರುವವರು, ಕೆಲವು ವಿನಾಯಿತಿ ಬಿಟ್ಟರೆ, ಟ್ರಾನ್ಸಿಟ್ ವೀಸಾ ಮಾಡಿಸಬೇಕು.

ಮುಂಬೈ ದಾರಿ

ಮಂಗಳೂರಿನಿಂದ ಮುಂಬೈಗೆ ಹೋಗಿ ಅಲ್ಲಿಂದ ವಿದೇಶ ವಿಮಾನ ಹತ್ತುವವರಿಗೆ ಇಮಿಗ್ರೇಷನ್ ಆಗುವುದು ಮುಂಬೈಯಲ್ಲಿ. ಅಂತಾರಾಷ್ಟ್ರೀಯ ವಿಮಾನಗಳು ಹೊರಡುವುದು ಸಹಾರ್ ಬದಿಯ ಟರ್ಮಿನಲ್ 2ರಿಂದ. ಊರಿನಿಂದ ಹೋಗುವ ವಿಮಾನ ಟರ್ಮಿನಲ್ 1ರಲ್ಲಿ ಇಳಿದರೆ ರಸ್ತೆಯಲ್ಲಿ ಹೋಗಬೇಕು. ಮುಂಬೈಯ ಟ್ರಾಫಿಕ್ಕಿನಲ್ಲಿ ಅದಕ್ಕೆ ಎಷ್ಟು ಹೊತ್ತು ಎಂದು ಹೇಳಲಿಕ್ಕಾಗದು. ಬುಕಿಂಗ್ ಮಾಡುವಾಗಲೇ ಟರ್ಮಿನಲ್ ನೋಡಿಕೊಳ್ಳುವುದು ಒಳ್ಳೆಯದು.

ಊರಿಗೆ ಬರುವಾಗ ಲೆಕ್ಕ ತಿರುಗುಮುರುಗು. ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಇಮಿಗ್ರೇಷನ್, ಕಸ್ಟಮ್ಸ್. ಸಾಮಾನ್ಯವಾಗಿ ಬ್ಯಾಗನ್ನು ಅಲ್ಲೇ ತೆಗೆದು, ಕಸ್ಟಮ್ಸ್ ದಾಟಿ, ಮತ್ತೆ ಕೌಂಟರಿಗೆ ಒಪ್ಪಿಸಬೇಕು. ಪಟ್ಟಿಯಲ್ಲಿ ಮಂಗಳೂರು ಎಂದು ಇದೆಯಲ್ಲ ಎಂದು ಬಿಟ್ಟು ಬಂದರೆ ಬ್ಯಾಗು ಮುಂಬೈಯಲ್ಲೇ ಉಳಿಯಬಹುದು.

ನಡುವೆ ಎಷ್ಟು ಹೊತ್ತು ಬೇಕು?

ವಿಮಾನ ಬದಲಿಸಲು ಕನಿಷ್ಠ ಎಷ್ಟು ಸಮಯ ಬೇಕೆಂದು ಪ್ರತಿ ನಿಲ್ದಾಣಕ್ಕೂ ಒಂದು ಲೆಕ್ಕ ಉಂಟು. ಒಂದೇ ಟಿಕೆಟಿನಲ್ಲಿ ಅದಕ್ಕಿಂತ ಕಡಿಮೆ ಅಂತರದ ಸೀಟನ್ನು ಕಂಪನಿ ಮಾರುವುದಿಲ್ಲ. ಆದರೂ ಆ ಕನಿಷ್ಠ ಸಮಯ ಎಲ್ಲವೂ ಸರಿಯಾಗಿ ನಡೆದರೆ ಮಾತ್ರ ಸಾಕಾಗುವಂಥದ್ದು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಮೂರು ಗಂಟೆಯಾದರೂ ಇರಲಿ. ಎರಡು ಟಿಕೆಟ್ ಮಾಡಲೇಬೇಕಾದ ಪರಿಸ್ಥಿತಿ ಬಂದರೆ ಆರು ಗಂಟೆಯೂ ಹೆಚ್ಚಲ್ಲ.

ಮಳೆಗಾಲದಲ್ಲಿ ಇನ್ನೂ ಜಾಗ್ರತೆ ಬೇಕು. ಮಂಗಳೂರಿನದ್ದು ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದು ದಾರಿ ಕಾಣದಾದಾಗ ಬರುವ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗಿಹೋಗುತ್ತದೆ. ಅದು ಬಾರದೆ ಇಲ್ಲಿಂದ ಹೊರಡುವ ವಿಮಾನವೂ ಇಲ್ಲ.

ಗಡಿಯಾರದಲ್ಲೂ ಎಡವುವುದುಂಟು. ಟಿಕೆಟಿನಲ್ಲಿ ಬರೆದಿರುವುದು ಆಯಾ ಊರಿನ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ರಾತ್ರಿ 12ರ ನಂತರದ ವಿಮಾನವಾದರೆ ದಿನಾಂಕವನ್ನು ಎರಡೆರಡು ಸಲ ನೋಡಬೇಕು. 12ನೇ ತಾರೀಕು 00:40ಕ್ಕೆ ಎಂದರೆ 11ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. 12ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ.

ಬ್ಯಾಗು ತುಂಬುವ ಮೊದಲು

ಅಮೆರಿಕ, ಕೆನಡಾ ಕಡೆಗೆ ಹೆಚ್ಚಾಗಿ ಬ್ಯಾಗಿನ ಸಂಖ್ಯೆಯ ಲೆಕ್ಕ. 23 ಕಿಲೋದ ಎರಡು ಬ್ಯಾಗು ಎಂಬಂತೆ. ಗಲ್ಫ್ ಕಡೆಗೆ ಒಟ್ಟು ತೂಕದ ಲೆಕ್ಕವೇ ಹೆಚ್ಚು. ಟಿಕೆಟ್ ಬೇರೆಯಾದರೆ ಲೆಕ್ಕವೂ ಬೇರೆ. ಎರಡನೆಯ ವಿಮಾನ 46 ಕಿಲೋ ಒಪ್ಪಿದರೂ ಮೊದಲನೆಯದ್ದು ಒಪ್ಪುವುದು ಬರೇ 30 ಕಿಲೋ ಆದರೆ, ಉಳಿದ 16 ಕಿಲೋಕ್ಕೆ ಮಂಗಳೂರಿನಲ್ಲೇ ದುಡ್ಡು ಕಟ್ಟಬೇಕು.

ಚೆಕ್-ಇನ್ ಆದಾಗ ಬ್ಯಾಗಿಗೆ ಅಂಟಿಸುವ ಪಟ್ಟಿಯನ್ನು ಓದಬೇಕು. ಕೊನೆಯ ಊರಿನ ಮೂರಕ್ಷರದ ಸಂಕೇತ ಅದರಲ್ಲಿರುತ್ತದೆ. ಟೊರಾಂಟೊಗೆ ವೈವೈಝಡ್, ಲಂಡನ್ ಹೀತ್ರೋಗೆ ಎಲ್‌ಎಚ್‌ಆರ್. ಅಲ್ಲಿ ದುಬೈಯ ಡಿಎಕ್ಸ್‌ಬಿ ಮಾತ್ರ ಇದ್ದರೆ ಕೂಡಲೇ ಕೇಳಬೇಕು.

ಉಮ್ಮ ಕಟ್ಟಿಕೊಟ್ಟದ್ದನ್ನು ಬೇಡ ಎನ್ನಲು ಮನಸ್ಸು ಬಾರದು ನಿಜ. ಆದರೆ ಒಣ ಕೊಬ್ಬರಿ ಎಣ್ಣೆಯ ಅಂಶದಿಂದ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತು ಎಂಬ ಕಾರಣಕ್ಕೆ 2022ರಿಂದ ಭಾರತದಲ್ಲಿ ಚೆಕ್-ಇನ್ ಬ್ಯಾಗಿಗೆ ನಿಷೇಧ. ಗಸಗಸೆಯನ್ನು ಯುಎಇ ಮಾದಕ ವಸ್ತುವಿನ ಸಾಲಿಗೆ ಸೇರಿಸಿದೆ. ದುಬೈ ಮೂಲಕ ಹಾದು ಹೋಗುವವರೂ ಅದನ್ನು ಮುಟ್ಟದಿರುವುದೇ ಕ್ಷೇಮ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಸರ್ಟಿಫಿಕೇಟು, ಔಷಧಿ, ಒಂದು ಜೊತೆ ಬಟ್ಟೆಯೂ ಅದರಲ್ಲೇ ಇರಲಿ.

ಒಳಗಿನ ಹದಿನಾಲ್ಕು ಗಂಟೆ

ಎಕಾನಮಿಯಲ್ಲಿ ಒಂದು ಸೀಟಿನಿಂದ ಮುಂದಿನ ಸೀಟಿಗೆ ಸಾಮಾನ್ಯವಾಗಿ 30ರಿಂದ 32 ಇಂಚು ಅಂತರ. ದೊಡ್ಡ ವಿಮಾನಗಳಲ್ಲಿ 3-4-3 ಎಂದು ಸೀಟು ಜೋಡಿಸಿದ್ದರೆ ಹತ್ತರಲ್ಲಿ ನಾಲ್ಕು ಸೀಟು ಇಬ್ಬರ ನಡುವೆ ಸಿಲುಕಿದವು. ದುಡ್ಡು ಕೊಟ್ಟು ಸೀಟು ಆರಿಸದವರು ಆನ್‌ಲೈನ್ ಚೆಕ್-ಇನ್ ತೆರೆದ ಕೂಡಲೇ ನೋಡಿದರೆ ದಾರಿಬದಿಯ ಸೀಟು ಸಿಗುವ ಸಾಧ್ಯತೆ ಹೆಚ್ಚು.

ನಾಲ್ಕು ಗಂಟೆಗಿಂತ ಹೆಚ್ಚು ಕುಳಿತೇ ಪ್ರಯಾಣಿಸಿದರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು-ಮೂರು ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ. ಆರೋಗ್ಯವಂತರಿಗೆ ಇದು ತೀರಾ ಅಪರೂಪ. ಆದರೂ ಆಗಾಗ ಎದ್ದು ನಡೆಯಬೇಕು, ಪಾದ ಆಡಿಸಬೇಕು. ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು ಮೊದಲೇ ಡಾಕ್ಟರರನ್ನು ಕೇಳಿ ಹೊರಡಬೇಕು. ಒಳಗಿನ ಗಾಳಿಯಲ್ಲಿ ತೇವ ತೀರಾ ಕಡಿಮೆ, ಹಾಗಾಗಿ ನೀರು ಕೇಳಿ ಕುಡಿಯುವುದಕ್ಕೆ ಸಂಕೋಚ ಬೇಡ. ಇಳಿಯುವಾಗ ಕಿವಿ ನೋವಿಗೆ ಮಕ್ಕಳಿಗೆ ಹಾಲು ಕುಡಿಸಿದರೆ ಅಷ್ಟು ಹಿತ.

ಗಲ್ಫ್ ಕಂಪನಿಗಳಲ್ಲಿ ಊಟ ಹಲಾಲ್. ಬೇರೆ ಕಂಪನಿಗಳಲ್ಲಿ ಕನಿಷ್ಠ 24 ಗಂಟೆ ಮೊದಲು ‘ಮುಸ್ಲಿಂ ಮೀಲ್’ ಎಂದು ಹೇಳಿಡಬೇಕು. ವಿಮಾನ ಬದಲಾದರೆ ಈ ಬೇಡಿಕೆ ಬಿಟ್ಟುಹೋಗುವುದುಂಟು. ನಾಲ್ಕು ಖರ್ಜೂರ, ಒಂದು ಪ್ಯಾಕೆಟ್ ಬಿಸ್ಕತ್ತು ಕೈಯಲ್ಲಿರಲಿ.

ತಪ್ಪಿದರೆ, ಬಾರದಿದ್ದರೆ

2024ರ ಏಪ್ರಿಲ್ 16ರಂದು ಸುರಿದ ಮಳೆಗೆ ದುಬೈ ವಿಮಾನ ನಿಲ್ದಾಣವೇ ನೀರಿನಲ್ಲಿ ನಿಂತಿತು. ಸಾವಿರಾರು ಜನ ದಾರಿಯಲ್ಲಿ ಸಿಲುಕಿ, ಸರಿಯಾಗಲು ದಿನಗಳೇ ಬೇಕಾದವು. ಹಾಗೆ ಸಿಲುಕಿದಾಗ ಮೊದಲು ಹೋಗಬೇಕಾದ್ದು ಟ್ರಾನ್ಸ್‌ಫರ್ ಡೆಸ್ಕಿಗೆ. ಒಂದೇ ಟಿಕೆಟಿನವರಿಗೆ ಅಲ್ಲಿ ಹೊಸ ಬೋರ್ಡಿಂಗ್ ಪಾಸ್ ಕೇಳುವ ಹಕ್ಕಿದೆ. ಊಟ, ಹೋಟೆಲು ಕೊಡುತ್ತಾರೆಯೇ ಎಂದೂ ಕೇಳಬೇಕು. ಕೇಳದೆ ಸಿಗುವುದು ಕಡಿಮೆ.

ಯುರೋಪಿಯನ್ ಒಕ್ಕೂಟದ ನಿಲ್ದಾಣಗಳಿಂದ ಹೊರಡುವವರಿಗೆ ಇನ್ನೊಂದು ರಕ್ಷಣೆ ಉಂಟು. ಕಂಪನಿಯ ಕಾರಣದಿಂದ ಮೂರು ಗಂಟೆಗಿಂತ ಹೆಚ್ಚು ತಡವಾದರೆ ದೂರ ನೋಡಿ 600 ಯುರೋವರೆಗೆ ಪರಿಹಾರ. ಒಂದೇ ಬುಕಿಂಗ್ ಆಗಿದ್ದರೆ ಕೊನೆಯ ಊರಿಗೆ ಎಷ್ಟು ತಡವಾಗಿ ಮುಟ್ಟಿದರು ಎಂಬುದೇ ಲೆಕ್ಕ.

ಬ್ಯಾಗು ಬಾರದಿದ್ದರೆ ನಿಲ್ದಾಣ ಬಿಡುವ ಮೊದಲೇ ಕೌಂಟರಿನಲ್ಲಿ ಪಿಐಆರ್ ಎಂಬ ದೂರು ಬರೆಸಿ ನಂಬರ್ ಪಡೆಯಬೇಕು. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವೂ 2009ರಲ್ಲಿ ಸೇರಿದೆ. ಅದರ ಪ್ರಕಾರ ಬ್ಯಾಗು ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋದ ಲೆಕ್ಕ. ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್, ಅಂದರೆ ಸುಮಾರು 2,000 ಡಾಲರ್. ಅಷ್ಟೂ ಸಿಗುವುದೆಂದಲ್ಲ, ನಷ್ಟ ತೋರಿಸಬೇಕು. ಬ್ಯಾಗಿನ ಪಟ್ಟಿ, ಬೋರ್ಡಿಂಗ್ ಪಾಸ್, ಖರೀದಿಸಿದ ಬಟ್ಟೆಯ ಬಿಲ್ಲು ಬಿಸಾಡಬಾರದು. ಕಂಪನಿ ಕಿವಿಗೊಡದಿದ್ದರೆ ಕೇಂದ್ರ ಸರಕಾರದ ಏರ್‌ಸೇವಾದಲ್ಲಿ ದೂರು ಕೊಡಬಹುದು.

ದುಡ್ಡು ಕೊಡುವ ಮೊದಲು

ಎರಡು ಟಿಕೆಟ್ ಕೆಲವೊಮ್ಮೆ ಸಾವಿರಾರು ರೂಪಾಯಿ ಅಗ್ಗ ಎಂಬುದು ಸುಳ್ಳಲ್ಲ. ಆದರೆ ಕಾಲೇಜು ಸೇರುವ ಕೊನೆಯ ದಿನವೋ, ರೀ-ಎಂಟ್ರಿ ವೀಸಾ ಮುಗಿಯುವ ದಿನವೋ ಎದುರಿಗಿದ್ದರೆ, ತಪ್ಪಿದ ಒಂದು ವಿಮಾನ ಒಂದು ವರ್ಷದ ಓದನ್ನೋ, ಇದ್ದ ಕೆಲಸವನ್ನೋ ಕೊಂಡುಹೋಗಬಹುದು. ಟ್ರಾವೆಲ್ ಏಜೆನ್ಸಿಯವರಲ್ಲಿ ಮೂರು ಮಾತು ಕೇಳಿ ದುಡ್ಡು ಕೊಟ್ಟರೆ ಸಾಕು: ಎಲ್ಲ ವಿಮಾನಕ್ಕೂ ಟಿಕೆಟ್ ಸಂಖ್ಯೆ ಒಂದೆಯಾ? ಬ್ಯಾಗು ಎಲ್ಲಿಯವರೆಗೆ ಹೋಗುತ್ತದೆ? ನಡುವಿನ ದೇಶಕ್ಕೆ ವೀಸಾ ಬೇಕಾ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿದರೆ, ಉಳಿದದ್ದೆಲ್ಲ ಸಹಿಸಿಕೊಳ್ಳಬಹುದಾದ ಕಿರಿಕಿರಿ.